ಮಲೆ ಎಂಬ ಎರಡಕ್ಷರ

(ಶಿವಮೊಗ್ಗದಲ್ಲಿ ಈಚೆಗೆ ಓದುಗರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಭರದಲ್ಲಿ ಓಡಿಹೋಗಿದ್ದ ಕೆಲವು ಕಡೆ ಇಲ್ಲಿ ಸ್ವಲ್ಪ ನಿಂತಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಲೆನಾಡು ಅಂದರೆ ಏನು ಅಂತ ಶಿವಮೊಗ್ಗದಲ್ಲಿ ನಿಂತು ಕೇಳಿದರೆ ಜನ ಮುಖ ನೋಡುತ್ತಾರೆ. ಇದೂ ಒಂದು ಪ್ರಶ್ನೆಯಾ ಅಂತ. ಆದರೂ ಕೇಳಿ ನೋಡಿ. 'ಮಳೆ ಜಾಸ್ತಿ ಬರುವ ನಾಡು, ಅದಕ್ಕೇ ಮಲೆನಾಡು' ಅನ್ನುವವರು ಬಹಳ ಜನ ಸಿಗುತ್ತಾರೆ. ಮಕ್ಕಳು ಪ್ರಬಂಧದಲ್ಲಿ ಹಾಗೇ ಬರೆಯುತ್ತಾರೆ. ಮೊಬೈಲಿನಲ್ಲಿ ಬರುವ ಚಿತ್ರಗಳ ಮೇಲೆ 'ನಮ್ಮ ಮಳೆನಾಡು' ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ.

ಈ ಮಾತು ಯಾಕೆ ಇಷ್ಟು ಸುಲಭವಾಗಿ ನಂಬಿಕೆಗೆ ಬರುತ್ತದೆ ಅಂದರೆ, ಅದು ಕಣ್ಣಿಗೆ ಕಾಣುವುದಕ್ಕೆ ಹೊಂದುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆ ಆರಿದ್ರಾ ಮಳೆ ಹಿಡಿದರೆ ಹಾಸಿದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಇಂಥ ಊರಿನವರಿಗೆ ಹೆಸರಿನಲ್ಲೂ ಮಳೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಆದರೆ ಅದು ನಿಜ ಅಲ್ಲ. ಮಲೆ ಬೇರೆ, ಮಳೆ ಬೇರೆ. ಮಲೆ ಅಂದರೆ ಬೆಟ್ಟ. ಮಲೆನಾಡು ಅಂದರೆ ಬೆಟ್ಟಗುಡ್ಡಗಳ ನಾಡು. ಇದರ ಎದುರಿಗೆ ನಾವು ಯಾವ ಹೆಸರು ಇಟ್ಟಿದ್ದೇವೆ ನೋಡಿ: ಬಯಲುಸೀಮೆ. ಒಂದು ಕಡೆ ಬಯಲು, ಇನ್ನೊಂದು ಕಡೆ ಮಲೆ. ಎರಡೂ ನೆಲದ ಆಕಾರ ಹೇಳುವ ಮಾತು. ನಡುವೆ ಇರುವುದು ಅರೆಮಲೆನಾಡು. ಮಳೆಯ ಲೆಕ್ಕದಲ್ಲಿ ಹೆಸರಿಟ್ಟಿದ್ದರೆ ಎದುರಿಗೆ ಒಣನಾಡು ಅಂತಲೋ ಏನೋ ಇರಬೇಕಿತ್ತು, ಅಲ್ವಾ?

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಈ ಎರಡಕ್ಷರದ ಬಗ್ಗೆಯೇ. ಮಲೆ, ಮಲ, ಮಾಲ, ಮಾಲು, ಮಾಲಿ. ಹೆಚ್ಚುಕಮ್ಮಿ ಒಂದೇ ಉಲಿ. ಒಂದೊಂದು ಭಾಷೆಯಲ್ಲಿ ಒಂದೊಂದು ಅರ್ಥ. ಕೆಲವು ನಿಜವಾಗಿ ನಂಟರು. ಕೆಲವಕ್ಕೆ ಸುಮ್ನೆ ಮುಖ ಹೋಲುತ್ತದೆ, ಅಷ್ಟೇ. ಯಾವುದು ಯಾವುದು ಅಂತ ಬಿಡಿಸಿ ನೋಡುವುದು ನನಗೆ ಬಹಳ ಇಷ್ಟದ ಕೆಲಸ. ಆ ಇಷ್ಟವನ್ನು ನಿಮಗೂ ಹಚ್ಚಬೇಕು ಅಂತ ಬಂದಿದ್ದೇನೆ.

ಮಲೆ ಮತ್ತು ಮಳೆ ಬೇರೆ ಅಂದೆನಲ್ಲ, ಅದಕ್ಕೆ ಪುರಾವೆ ಏನು? ಹಳಗನ್ನಡದಲ್ಲಿ ೞ ಅಂತ ಒಂದು ಅಕ್ಷರ ಇತ್ತು. ಅದರ ಉಲಿ ತಮಿಳಿನಲ್ಲೂ ಮಲಯಾಳದಲ್ಲೂ ಇವತ್ತಿಗೂ ಇದೆ. ತಮಿೞ್ ಅನ್ನುವ ಹೆಸರಿನ ಕೊನೆಯಲ್ಲಿ ಇರುವುದು ಅದೇ. 13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದಾಗ ಇದನ್ನು ರಳ ಅಂತ ಕರೆದು, ಉಳಿದ ಳಕಾರಗಳಿಂದ ಬೇರೆಯಾಗಿ ಎಣಿಸಿದ್ದಾನೆ. ಆಮೇಲೆ ಕನ್ನಡಿಗರ ನಾಲಿಗೆಯಲ್ಲಿ ಅದು ಳ ಜೊತೆ ಕಲೆತುಹೋಯಿತು. ಬಾಳೆ ಹಿಂದೆ ಬಾೞೆ. ಏಳು ಹಿಂದೆ ಏೞು. ಮಳೆ ಹಿಂದೆ ಮೞೆ. ಬೆಟ್ಟದ ಮಲೆಯಲ್ಲಿ ಮಾತ್ರ ಮೊದಲಿಂದಲೂ ಇದ್ದದ್ದು ಸಾದಾ ಲ.

ಅಕ್ಕಪಕ್ಕದ ಮನೆಗೂ ಹೋಗಿ ನೋಡೋಣ. ತಮಿಳಿನಲ್ಲಿ ಬೆಟ್ಟಕ್ಕೆ ಮಲೈ, ಮಳೆಗೆ ಮೞೈ. ಮಲಯಾಳದಲ್ಲಿ ಬೆಟ್ಟಕ್ಕೆ ಮಲ, ಮಳೆಗೆ ಮೞ. ತೆಲುಗಿನಲ್ಲಿ ಬೆಟ್ಟಕ್ಕೆ ಮಲ, ಮಳೆಗೆ ಪೂರ್ತಿ ಬೇರೆಯೇ ಪದ, ವಾನ. ಎಲ್ಲೂ ಇವೆರಡು ಬೆರೆತಿಲ್ಲ. ಕನ್ನಡದಲ್ಲಿ ೞ ಹೋಗಿ ಳ ಬಂದದ್ದರಿಂದ ಎರಡು ಪದ ಹತ್ತಿರ ಹತ್ತಿರ ಬಂದವು. ಜನ ನಂಟು ಕಟ್ಟಿದರು.

ಶಬರಿಮಲೆಗೆ ಹೋಗುವವರು ಅಲ್ಲಿನ ಬೋರ್ಡಿನಲ್ಲಿ 'ಶಬರಿಮಲ' ಅಂತ ನೋಡಿರುತ್ತೀರಿ. ತಿರುಪತಿಯಲ್ಲಿ ತಿರುಮಲ. ತಮಿಳುನಾಡಿನ ಕಡೆ ಆನೈಮಲೈ. ನಮ್ಮಲ್ಲಿ ಮಲೆ ಮಹದೇಶ್ವರ. ಒಂದೇ ಪದ ನಾಲ್ಕು ರಾಜ್ಯದಲ್ಲಿ ಮೂರು ಬಾಲ ಹಾಕಿಕೊಂಡಿದೆ. ಇದು ಅಡ್ಡಾದಿಡ್ಡಿ ಆದದ್ದಲ್ಲ. ನಮ್ಮ ತಲೆ ತಮಿಳಿನಲ್ಲಿ ತಲೈ, ಮಲಯಾಳ ತೆಲುಗಿನಲ್ಲಿ ತಲ. ನಮ್ಮ ಬೆಲೆ ತಮಿಳಿನಲ್ಲಿ ವಿಲೈ, ಮಲಯಾಳದಲ್ಲಿ ವಿಲ, ತೆಲುಗಿನಲ್ಲಿ ವೆಲ. ನಮ್ಮ ತೊಡೆ ಅಲ್ಲಿ ತೊಡೈ, ತುಡ, ತೊಡ. ನಾವು ಎ ಅನ್ನುವ ಕಡೆ ತಮಿಳರು ಐ ಅಂತಾರೆ, ಮಲಯಾಳಿಗಳೂ ತೆಲುಗರೂ ಅ ಅಂತಾರೆ. ಒಂದು ಪದದಲ್ಲಿ ಅಲ್ಲ, ಸಾಲುಸಾಲು ಪದಗಳಲ್ಲಿ.

ಈ ಸಾಲು ಬಹಳ ಮುಖ್ಯ. ಎರಡು ಪದ ಹೋಲುತ್ತವೆ ಅನ್ನುವುದರಿಂದ ನಂಟು ಗೊತ್ತಾಗುವುದಿಲ್ಲ. ಹೋಲಿಕೆಯೂ ವ್ಯತ್ಯಾಸವೂ ಒಂದೇ ನಿಯಮದಲ್ಲಿ, ಸಾಲಾಗಿ ಸಿಕ್ಕರೆ ಆಗ ನಂಟು. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ, ಕೈ ಅಲ್ಲಿ ಚೆಯ್ಯಿ. ಕೇಳಿದರೆ ಬೇರೆ ಬೇರೆ. ಆದರೆ ಅವು ಒಡಹುಟ್ಟಿದವು. ಇದಕ್ಕೆ ಉಲ್ಟಾ ಇರುವುದನ್ನು ಆಮೇಲೆ ಹೇಳುತ್ತೇನೆ, ಅದು ನನಗೆ ತುಂಬಾ ಹಿಡಿಸಿದ ಉದಾಹರಣೆ.

ಮೊದಲು ನಿಜವಾದ ನಂಟರ ಬಗ್ಗೆ ಮುಗಿಸೋಣ. ಇವರೆಲ್ಲ ಒಂದೇ ಪದ ಆಡುತ್ತಾರೆ, ಸರಿ. ಅರ್ಥವೂ ಒಂದೇನಾ?

ಅಲ್ಲ. ತಮಿಳಿನ ಮಲೈ ಅಂದರೆ ಬೆಟ್ಟ, ಪರ್ವತ. ಬಯಲಿನಲ್ಲಿ ಎದ್ದು ನಿಂತದ್ದು, ದೂರದಿಂದ ಕಾಣುವಂಥದ್ದು. ಕನ್ನಡ ನಿಘಂಟಿನಲ್ಲಿ ಮಲೆಗೆ ಬೆಟ್ಟ ಅಂತಲೂ ಇದೆ, ಕಾಡು ಅಂತಲೂ ಇದೆ. ತುಳುವಿನಲ್ಲಿ ಮಲೆ ಅಂದರೆ ಕಾಡು ತುಂಬಿದ ಗುಡ್ಡ. ಆ ಕಾಡಿನಲ್ಲಿ ಬದುಕುವವರು ಮಲೆಕುಡಿಯರು. ಕೊಡಗಿಗೆ ಹೋದರೆ ಅರ್ಥ ಇನ್ನೂ ಒಳಕ್ಕೆ ಹೋಗುತ್ತದೆ. ಅಲ್ಲಿ ಮಲೆ ಅಂದರೆ ದಟ್ಟ ಕಾಡು, ಜೊತೆಗೆ ಆ ಕಾಡಿನೊಳಗಿನ ಏಲಕ್ಕಿ ತೋಟ.

ಏಲಕ್ಕಿ ತೋಟಕ್ಕೆ ಬೆಟ್ಟದ ಹೆಸರು ಯಾಕೆ ಬಂತು? ಹಿಂದೆ ಅಲ್ಲಿ ಏಲಕ್ಕಿ ಬೆಳೆಯುತ್ತಿದ್ದ ರೀತಿ ನೋಡಿದರೆ ಗೊತ್ತಾಗುತ್ತದೆ. ತೋಟ ಅಂದರೆ ಉತ್ತು, ಬೇಲಿ ಹಾಕಿ, ಸಾಲಿಗೆ ನೆಡುವುದಲ್ಲ. ಇಳಿಜಾರು ಕಾಡಿನಲ್ಲಿ ಒಂದು ಜಾಗ ಆರಿಸಿ, ಕೆಳಗಿನ ಗಿಡಗಂಟಿ ಸವರಿ, ಒಂದು ಭಾರೀ ಮರ ಬೀಳಿಸುತ್ತಿದ್ದರು. ಮರ ಬಿದ್ದು ನೆಲ ಅಲುಗಿ, ಮೇಲಿಂದ ಬೆಳಕು ಬಿದ್ದ ಜಾಗದಲ್ಲಿ ಕೆಲವು ತಿಂಗಳಲ್ಲಿ ಏಲಕ್ಕಿ ಸಸಿ ತಾನಾಗಿ ಏಳುತ್ತಿತ್ತು. ಸುತ್ತ ಕಾಡು ಹಾಗೇ ಇರುತ್ತಿತ್ತು. ಕಾಡೇ ತೋಟ, ತೋಟವೇ ಕಾಡು, ಅದು ಇರುವುದು ಬೆಟ್ಟದ ಮೇಲೆ. ಮೂರಕ್ಕೂ ಬೇರೆ ಬೇರೆ ಹೆಸರು ಯಾರಿಗೂ ಬೇಕಾಗಲಿಲ್ಲ.

ಇವತ್ತಿನ ನನ್ನ ಮಾತಿನ ತಿರುಳು ಇಲ್ಲೇ ಇದೆ. ಪದದ ಅರ್ಥ ಅಕ್ಷರದೊಳಗೆ ಕೂತಿರುವುದಿಲ್ಲ. ಅದನ್ನು ಆಡುವವರ ಕಾಲಡಿಯ ನೆಲ ಹೇಗಿದೆ, ಅವರು ಬೆಳಗಾದರೆ ಮಾಡುವ ಕೆಲಸ ಏನು, ಅದು ಅರ್ಥ ತೀರ್ಮಾನ ಮಾಡುತ್ತದೆ. ಬಯಲಿನಿಂದ ನೋಡುವವನಿಗೆ ಬೆಟ್ಟ ಒಂದು ಆಕಾರ. ಅದರೊಳಗೇ ಇರುವವನಿಗೆ ಆಕಾರ ಕಾಣುವುದೇ ಇಲ್ಲ. ಅವನಿಗೆ ಕಾಣುವುದು ಮರ, ಹಳ್ಳ, ಇಂಬಳ.

ಅದಕ್ಕೇ ಇನ್ನೊಂದು ಸಂಗತಿ ಗಮನಿಸಿ. ಮಲೆನಾಡಿನವರಾದ ನಾವು ದಿನದ ಮಾತಿನಲ್ಲಿ ಮಲೆ ಅಂತ ಹೇಳುವುದೇ ಇಲ್ಲ. 'ದನ ಮಲೆಗೆ ಹೋಗಿದೆ' ಅಂತ ಯಾರಾದರೂ ಅಂತಾರಾ? ಗುಡ್ಡಕ್ಕೆ ಹೋಗಿದೆ, ಹಕ್ಕಲಿಗೆ ಹೋಗಿದೆ ಅಂತೀವಿ. ಸೊರಬ, ಸಾಗರದ ಕಡೆ ಕಾನು ಅಂತಾರೆ. ಕಾನು ಅಂದರೆ ಎಲ್ಲ ಕಾಡೂ ಅಲ್ಲ. ವರ್ಷವಿಡೀ ಹಸಿರಾಗಿರುವ, ನೆರಳು ದಟ್ಟವಾಗಿರುವ, ಒಳಗೆ ತಂಪು ನೀರಿರುವ, ಮರದ ಮೇಲೆ ಮೆಣಸಿನ ಬಳ್ಳಿ ಹಬ್ಬಿರುವ ಕಾಡು ಮಾತ್ರ ಕಾನು. ಹಿಂದಿಯವರಿಗೆ ಅದೇ ಕಾನ್ ಅಂದರೆ ಕಿವಿ.

ಬೆಟ್ಟ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಮೈಸೂರಿನವರಿಗೆ ಬೆಟ್ಟ ಅಂದರೆ ಚಾಮುಂಡಿ ಬೆಟ್ಟ. ಮೆಟ್ಟಿಲು, ಮೇಲೆ ದೇವಸ್ಥಾನ. ಅಡಿಕೆ ತೋಟದವರ ಮನೆಯಲ್ಲಿ ಬೆಟ್ಟ ಅಂದರೆ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಹಸಿ ಸೊಪ್ಪು, ದರಕು ತರುವುದಕ್ಕೆ ತೋಟಕ್ಕೆ ಸೇರಿದಂತೆ ಬಿಟ್ಟ ಕಾಡು. ಅದು ಎತ್ತರದಲ್ಲಿ ಇರಬೇಕು ಅಂತಲೂ ಇಲ್ಲ. 'ನಮ್ಮ ಬೆಟ್ಟ ತೋಟದ ಹಿಂದೆಯೇ ಇದೆ' ಅಂದರೆ ಮೈಸೂರಿನವರಿಗೆ ದಿಗಿಲಾಗಬಹುದು. ಘಟ್ಟ ಇಳಿದು ತುಳುನಾಡಿಗೆ ಹೋದರೆ ಬೆಟ್ಟು ಅಂದರೆ ಗದ್ದೆ. ನೀರು ನಿಲ್ಲದ, ಮಳೆಯನ್ನೇ ನಂಬಿದ ಮೇಲಿನ ಗದ್ದೆ. ಶಿಖರದಿಂದ ಶುರುವಾಗಿ ಸೊಪ್ಪಿನ ಕಾಡು, ಅಲ್ಲಿಂದ ಭತ್ತದ ಗದ್ದೆ. ಇಷ್ಟು ದೂರ ಅರ್ಥ ಸಾಗಿದರೂ ನಡುವೆ ಇರುವುದು ಒಂದು ಹಗಲಿನ ಬಸ್ ದಾರಿ.

ಮಲೆಗೆ ರಾಜಕೀಯವೂ ಇದೆ. ಹೊಯ್ಸಳರ ಶಾಸನಗಳಲ್ಲಿ 'ಮಲೆಪರೊಳ್ ಗಂಡ' ಅನ್ನುವ ಬಿರುದು ಮತ್ತೆ ಮತ್ತೆ ಬರುತ್ತದೆ. ಮಲೆಪರು ಅಂದರೆ ಮಲೆಯ ಒಡೆಯರು, ಬೆಟ್ಟಗಳ ನಡುವೆ ಅಲ್ಲಲ್ಲಿ ಆಳುತ್ತಿದ್ದ ನಾಯಕರು. ಅವರಲ್ಲಿ ಗಂಡು ನಾನು ಅಂತ ಈ ರಾಜರು ಹೇಳಿಕೊಂಡರು. ಅವರೂ ಮಲೆಯವರೇ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಅವರ ಮೂಲದ ಊರು. ಹಳೆಯ ಹೆಸರು ಸೊಸೆವೂರು. ಬಯಲಿಗೆ ಇಳಿದು ದೊಡ್ಡ ರಾಜ್ಯ ಕಟ್ಟಿದ ಮೇಲೂ ಆ ಬಿರುದನ್ನು ಬಿಡಲಿಲ್ಲ. ಹಳಗನ್ನಡದಲ್ಲಿ ಮಲೆ ಅನ್ನುವ ಕ್ರಿಯಾಪದವೂ ಇದೆ. ಎದುರಿಸು, ಸೊಕ್ಕಿನಿಂದ ನಿಲ್ಲು ಅಂತ ಅರ್ಥ. ಮಲೆತು ನಿಂತ ವೈರಿ ಅನ್ನುತ್ತಾರಲ್ಲ, ಅದು. ಬೆಟ್ಟದವರು ಸೊಕ್ಕಿನವರು ಅಂತ ಇದರಿಂದ ಕಥೆ ಕಟ್ಟಬೇಡಿ. ನಿಘಂಟುಗಳು ಇವನ್ನು ಬೇರೆ ಬೇರೆ ಪದಗಳಾಗಿಯೇ ಕೊಡುತ್ತವೆ.

ಇನ್ನು ಈ ಪದ ಉತ್ತರಕ್ಕೆ ಹೋದ ದಾರಿ. ಸಂಸ್ಕೃತದಲ್ಲಿ ಮಲಯ ಅನ್ನುವ ಪರ್ವತ ಇದೆ. ದಕ್ಷಿಣದ ಬೆಟ್ಟಸಾಲು, ಗಂಧದ ಮರಗಳಿರುವ ಜಾಗ. ಈ ಮಲಯ ದ್ರಾವಿಡದ ಮಲೆಯಿಂದ ಹೋದದ್ದು ಅಂತ ವಿದ್ವಾಂಸರು ಒಪ್ಪುತ್ತಾರೆ. ಗಂಧಕ್ಕೆ ಸಂಸ್ಕೃತದಲ್ಲಿ ಮಲಯಜ ಅಂತ ಹೆಸರು, ಮಲಯದಲ್ಲಿ ಹುಟ್ಟಿದ್ದು ಅಂತ. ಆಮೇಲೆ ನಮ್ಮ ಕವಿಗಳು ಮಲಯಾನಿಲ, ಮಲಯಮಾರುತ ಅಂತ ಸಂಸ್ಕೃತದಿಂದ ತಂದರು. ನಮ್ಮದೇ ಬೆಟ್ಟ ಅಲ್ಲಿ ಹೋಗಿ ತಂಗಾಳಿಯಾಗಿ ತಿರುಗಿ ಬಂತು. ಬಂಗಾಳದಲ್ಲಿ ಹುಟ್ಟಿದ ವಂದೇ ಮಾತರಂನ ಶುರುವಿನಲ್ಲೇ ಮಲಯಜ ಅನ್ನುವ ಮಾತು ಇದೆ. ಸಾಗರ, ಸೊರಬದ ಗುಡಿಗಾರರು ಗಂಧದ ತುಂಡನ್ನು ಕೈಯಲ್ಲಿ ಹಿಡಿದು ಕೆತ್ತುವಾಗ ಹಿಡಿದಿರುವುದು ಮಲಯಜವನ್ನು, ಅಂದರೆ ಮಲೆಯಲ್ಲಿ ಹುಟ್ಟಿದ್ದನ್ನು.

ಪಶ್ಚಿಮಕ್ಕೆ ಹೋದ ದಾರಿ ಮೆಣಸಿನದು. ಅಲೆಕ್ಸಾಂಡ್ರಿಯಾದ ವ್ಯಾಪಾರಿ ಕಾಸ್ಮಾಸ್ 6ನೇ ಶತಮಾನದಲ್ಲಿ, ಮೆಣಸು ಬೆಳೆಯುವ 'ಮಲೆ' ಅನ್ನುವ ನಾಡಿನ ಬಗ್ಗೆ ಗ್ರೀಕ್‌ನಲ್ಲಿ ಬರೆದಿದ್ದಾನೆ. ಅದು ಕೇರಳದ ಕರಾವಳಿ. ಆಮೇಲೆ ಅರಬ್ಬೀ, ಪಾರ್ಸಿ ನಾವಿಕರು ಅದಕ್ಕೆ ಬಾರ್ ಸೇರಿಸಿ ಮಲಬಾರ್ ಮಾಡಿದರು. ಮೆಣಸಿನ ಮಾತು ಬಂದರೆ ನಮ್ಮ ಘಟ್ಟವೂ ಹಿಂದೆ ಬಿದ್ದಿಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಮೆಣಸಿನ ರಾಣಿ ಅಂತ.

ಇಲ್ಲಿಗೆ ನಂಟರು ಮುಗಿದರು. ಇನ್ನು ಹೋಲುವವರು.

ಮನೆಯಿಂದಲೇ ಶುರುಮಾಡೋಣ. ಒಂದೇ ಕ್ಲಾಸಿನಲ್ಲಿ ತಿರುಮಲ, ನಿರ್ಮಲ, ವಿಮಲ, ಮಾಲಾ ಅಂತ ನಾಲ್ಕು ಮಕ್ಕಳಿದ್ದಾರೆ ಅಂದುಕೊಳ್ಳಿ. ತಿರುಮಲನ ಮಲ ಬೆಟ್ಟ. ನಿರ್ಮಲ, ವಿಮಲರ ಮಲ ಸಂಸ್ಕೃತದ ಮಲ, ಅಂದರೆ ಕೊಳೆ. ಕೊಳೆ ಇಲ್ಲದವಳು ನಿರ್ಮಲ. ಮಾಲಾ ಅಂದರೆ ಹೂವಿನ ಹಾರ. ಹಾರ ಕಟ್ಟುವವನು ಮಾಲಿ, ಅವನು ಹೂದೋಟವನ್ನೂ ನೋಡಿಕೊಂಡ ಕಾರಣ ಈಗ ಆಫೀಸಿನ ತೋಟಗಾರನೂ ಮಾಲಿ. ಹಾಜರಿ ಪುಸ್ತಕದ ಒಂದು ಪುಟದಲ್ಲಿ ಬೆಟ್ಟ, ಕೊಳೆ, ಹಾರ ಮೂರೂ ಕೂತಿವೆ. ಪಶ್ಚಿಮ ಆಫ್ರಿಕಾದ ಬಂಬಾರಾ ಭಾಷೆಯಲ್ಲಿ ಮಾಲಿ ಅಂದರೆ ನೀರಾನೆ. ಮರಾಠಿಯವರು ಮಲಾ ಅಂದರೆ 'ನನಗೆ' ಅಂತ. ಅದೇ ಮರಾಠಿಯಲ್ಲಿ ಮಳಾ ಅಂದರೆ ನೀರಾವರಿ ತೋಟ. ಲ ಮತ್ತು ಳ ನಡುವಿನ ವ್ಯತ್ಯಾಸ ಎಷ್ಟು ಕೆಲಸ ಮಾಡುತ್ತದೆ ನೋಡಿ.

ಈಗ ಅಡಿಕೆ ಮಂಡಿಗೆ ಬನ್ನಿ. 'ಮಾಲು ಬಂತಾ?' ಅನ್ನುವ ಮಾತು ಅಲ್ಲಿ ದಿನವೂ ಕೇಳುತ್ತದೆ. ಈ ಮಾಲು ಅರಬ್ಬಿಯದ್ದು. ಅಲ್ಲಿ ಮಾಲ್ ಅಂದರೆ ಸಂಪತ್ತು, ಆಸ್ತಿ, ಹಣ. ಪಾರ್ಸಿ, ಉರ್ದು ದಾರಿಯಲ್ಲಿ ನಮಗೆ ಬರುವ ಹೊತ್ತಿಗೆ ಅದು ವ್ಯಾಪಾರದ ಸಾಮಾನಾಗಿತ್ತು. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಅದು ಮಾಲಿ, ಅರ್ಥ ಆಸ್ತಿ. ಟರ್ಕಿಯಲ್ಲಿ ಮಾಲ್ ಅಂದರೆ ಸರಕು, ಆಸ್ತಿ. ಆದರೆ ಅಲ್ಲಿನ ಹಳ್ಳಿಗಳಲ್ಲಿ ಮಾಲ್ ಅಂದರೆ ದನಕರು. ಕಜಾಕ್, ಕಿರ್ಗಿಜ್ ಜನರಲ್ಲೂ ಅಷ್ಟೇ, ಮಾಲ್ ಅಂದರೆ ಸಾಕುಪ್ರಾಣಿಗಳ ಹಿಂಡು. ಹುಲ್ಲುಗಾವಲಿನಲ್ಲಿ ಕುದುರೆ, ಕುರಿ ಮೇಯಿಸಿ ಬದುಕುವವರಿಗೆ ಬೇರೆ ಆಸ್ತಿ ಇನ್ನೇನು?

ಇದನ್ನು ಓದಿದಾಗ ನನಗೆ ಥಟ್ಟನೆ ಹೊಳೆದದ್ದು ನಮ್ಮ ದನ ಅನ್ನುವ ಪದ. ದನ ಬಂದದ್ದು ಸಂಸ್ಕೃತದ ಧನದಿಂದ. ಧನ ಅಂದರೆ ಸಂಪತ್ತು. ಕನ್ನಡದ ರೈತನ ಬಾಯಲ್ಲಿ ಅದು ಕೊಟ್ಟಿಗೆಯ ದನ ಆಯಿತು. ಈಗ ಮಲೆನಾಡು ಗಿಡ್ಡ ಅಂತ ಹೆಸರಾದ ನಮ್ಮ ಸಣ್ಣ ತಳಿಯ ದನ ಇದೆಯಲ್ಲ, ಗುಡ್ಡ ಹತ್ತಿ ಇಳಿದು ತಾನೇ ಮೇಯ್ದು ಬಂದು, ತೋಟಕ್ಕೆ ಗೊಬ್ಬರ, ಮನೆಗೆ ಹಾಲು ಕೊಟ್ಟು, ಆ ಜಡಿಮಳೆಯನ್ನೂ ತಡೆದುಕೊಳ್ಳುತ್ತದೆ. ಇಲ್ಲಿಯ ಮನೆಗಳ ಧನ ಅದೇ ಆಗಿತ್ತು. ಟರ್ಕಿಯ ಹಳ್ಳಿಗೂ ನಮ್ಮ ಹಳ್ಳಿಗೂ ಮಾತುಕತೆ ಇರಲಿಲ್ಲ. ಅವರ ಮಾಲ್, ನಮ್ಮ ಧ ಕಾರದ ಧನ, ಎರಡೂ ಬೇರೆ ಬೇರೆ ಭಾಷೆಯಿಂದ ಬಂದ ಪದ. ಆದರೂ ಎರಡೂ ಸಂಪತ್ತಿನಿಂದ ಹೊರಟು ಕೊಟ್ಟಿಗೆಗೇ ಬಂದು ನಿಂತವು. ಉಲಿ ಹೋಲುವುದಕ್ಕಿಂತ ಈ ಹೋಲಿಕೆ ನನಗೆ ದೊಡ್ಡದಾಗಿ ಕಾಣುತ್ತದೆ.

ಯುರೋಪಿಗೆ ಹೋದರೆ ರಷ್ಯಾ, ಸರ್ಬಿಯಾ ಕಡೆಯ ಭಾಷೆಗಳಲ್ಲಿ ಮಲ್, ಮಾಲಿ ಅಂದರೆ ಚಿಕ್ಕದು. ನಮಗೆ ಬೆಟ್ಟ, ಅವರಿಗೆ ಚಿಕ್ಕದು. ಲ್ಯಾಟಿನ್‌ನಲ್ಲಿ ಮಲುಸ್ ಅಂದರೆ ಕೆಟ್ಟ. ಫ್ರೆಂಚ್, ಸ್ಪ್ಯಾನಿಷ್‌ನ ಮಲ್, ಇಟಲಿಯ ಮಾಲೆ, ಎಲ್ಲ ಅದರ ಮಕ್ಕಳು. ಲ್ಯಾಟಿನ್‌ನಲ್ಲಿ ಮಲುಮ್ ಅಂದರೆ ಕೆಡುಕು, ದೀರ್ಘ ಎಳೆದು ಮಾಲುಮ್ ಅಂದರೆ ಸೇಬು. ನಮ್ಮ ಮಲೆ, ಮಾಲೆ ಹಾಗೆಯೇ ಅಲ್ಲೂ ಒಂದು ದೀರ್ಘ ಅರ್ಥ ಬದಲಿಸುತ್ತದೆ.

ಈ ಕೆಟ್ಟ ಅನ್ನುವ ಮಲ ನಮ್ಮ ಮಲೆನಾಡಿಗೂ ಬಂತು. ಇಟಲಿಯಲ್ಲಿ ಮಲ ಆರಿಯಾ ಅಂದರೆ ಕೆಟ್ಟ ಗಾಳಿ. ಜೌಗು ನೆಲದ ಕೆಟ್ಟ ಗಾಳಿಯಿಂದ ಚಳಿಜ್ವರ ಬರುತ್ತದೆ ಅಂತ ಅವರು ನಂಬಿದ್ದರು. ಅದೇ ಮಲೇರಿಯಾ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಜೀವಿಯನ್ನು ಕಂಡ ಮೇಲೆ ಗಾಳಿಯ ಮಾತು ಸುಳ್ಳಾಯಿತು. ಹೆಸರು ಮಾತ್ರ ಉಳಿಯಿತು. ನಮ್ಮ ಘಟ್ಟದ ಚಳಿಜ್ವರಕ್ಕೆ ಕಾರಣ ಕೆಟ್ಟ ಗಾಳಿಯೂ ಅಲ್ಲ, ಕೊಳಕು ನೀರೂ ಅಲ್ಲ. ಬೆಟ್ಟಸಾಲಿನಲ್ಲಿ ಈ ರೋಗ ಹರಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಅನ್ನುವ ಸೊಳ್ಳೆ ಬೆಳೆಯುವುದು ಮೆಲ್ಲಗೆ ಹರಿಯುವ ಹಳ್ಳದ ತಿಳಿನೀರಿನಲ್ಲಿ. ಡಿಡಿಟಿ ಸಿಂಪಡಿಸುವ ಕಾಲದ ಮುಂಚೆ ಎಷ್ಟೋ ಮಲೆನಾಡಿನ ಮನೆಗಳು ಈ ಜ್ವರದಿಂದಲೇ ಪಾಳುಬಿದ್ದವು. ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಮಲೆನಾಡಿನಲ್ಲಿ ಜಾಸ್ತಿ ಇದ್ದದ್ದರಿಂದ ಮಲೇರಿಯಾ ಅಂತ ಹೆಸರು ಬಂತು ಅನ್ನುವವರಿದ್ದಾರೆ. ಸಂಕಟಪಟ್ಟವರು ಹಾಗೆ ಕೇಳಿಸಿಕೊಂಡದ್ದು ನನಗೆ ಅರ್ಥವಾಗುತ್ತದೆ. ಆದರೆ ನಂಟು ಇಲ್ಲ.

ಹವಾಯಿ ದ್ವೀಪದ ಭಾಷೆಯಲ್ಲಿ ಮಲೆ ಅಂದರೆ ಮದುವೆಯಾಗು. ಇದು ಅವರ ಸ್ವಂತ ಪದ ಅಲ್ಲ. ಇಂಗ್ಲಿಷಿನ 'ಮ್ಯಾರಿ' ಅಲ್ಲಿ ಹೋಗಿ ಹಾಗಾಯಿತು. ಅವರ ಭಾಷೆಯಲ್ಲಿ ರ ಇಲ್ಲ, ಅದರ ಜಾಗದಲ್ಲಿ ಲ ಬಂತು.

ಈಗ ಮೊದಲೇ ಹೇಳುತ್ತೇನೆ ಅಂದ ಉದಾಹರಣೆ. ಯುರೋಪಿನ ಆಲ್ಬೇನಿಯಾ ಗುಡ್ಡಗಾಡಿನ ದೇಶ. ಅವರ ಭಾಷೆಯಲ್ಲಿ ಮಲ್ ಅಂದರೆ ಏನು ಗೊತ್ತಾ? ಬೆಟ್ಟ. ಬಹುವಚನ ಮಾಡಿದರೆ ಮಲೆ. ಅಂದರೆ ಬೆಟ್ಟಗಳು! ಉತ್ತರದ ಬೆಟ್ಟಸೀಮೆಗೆ ಅವರು ಇಟ್ಟ ಹೆಸರು ಮಲೆಸಿಯಾ. ಅಲ್ಲಿಯ ಜನ ಮಲೆಸೋರರು. ಅಕ್ಷರಕ್ಕೆ ಅಕ್ಷರ ಮಲೆನಾಡು, ಮಲೆನಾಡಿಗರು. ಇದನ್ನು ಕೇಳಿದ ಯಾರಿಗಾದರೂ ಮೈ ಜುಮ್ ಅನ್ನುತ್ತದೆ. ನಮ್ಮವರೇ ಅಲ್ಲಿಗೆ ಹೋಗಿದ್ದರು ಅಂತ ಒಂದು ಸಂದೇಶ ಬರೆದು ಕಳಿಸಿದರೆ ಸಂಜೆಯೊಳಗೆ ಊರೆಲ್ಲ ಸುತ್ತಿ ಬರುತ್ತದೆ.

ತಡೆಯಿರಿ. ಸಾಲು ಇದೆಯಾ ನೋಡೋಣ. ನಮ್ಮ ತಲೆ ಅವರಲ್ಲಿ ಕೊಕ. ನಮ್ಮ ಮನೆ ಅವರಲ್ಲಿ ಷ್ಟೆಪಿ. ನಮ್ಮ ಮಳೆ ಅವರಲ್ಲಿ ಷಿ. ಒಂದೂ ಹೊಂದುವುದಿಲ್ಲ. ಆಲ್ಬೇನಿಯನ್ ಇರುವುದು ಹಿಂದಿ, ಗ್ರೀಕ್, ರಷ್ಯನ್ ಇರುವ ದೊಡ್ಡ ಕುಟುಂಬದಲ್ಲಿ. ಕನ್ನಡದ ಕುಟುಂಬ ಬೇರೆ. ಅವರಿಗೆ ಅಷ್ಟೇನೂ ದೂರವಲ್ಲದ ರೊಮೇನಿಯಾದಲ್ಲಿ ಅದೇ ಮಲ್ ಅಂದರೆ ನದಿಯ ದಡ. ಅದರ ಸುತ್ತಲಿನ ಕಥೆ ಆ ಕಡೆಗೇ ಸೇರಿದ್ದು. ನಮ್ಮ ಮಲೆಗೂ ಅದಕ್ಕೂ ಇರುವುದು ಕಾಕತಾಳೀಯ ಮಾತ್ರ.

ಇಷ್ಟು ದೊಡ್ಡ ಕಾಕತಾಳೀಯ ಹೇಗೆ ಸಾಧ್ಯ? ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಮ, ಲ, ಅ ಬಹುಪಾಲು ಎಲ್ಲ ಭಾಷೆಯಲ್ಲೂ ಇರುವ ಉಲಿಗಳು. ಈ ಮೂರನ್ನು ಸೇರಿಸಿದ ಚಿಕ್ಕ ಪದ ಯಾವ ಭಾಷೆಯಲ್ಲಿ ಹುಡುಕಿದರೂ ಸಿಗುತ್ತದೆ. ಅಷ್ಟೊಂದು ಪದಗಳಲ್ಲಿ ಒಂದೆರಡು ಕಡೆ ಅರ್ಥವೂ ಕೂಡಿಬಿದ್ದರೆ ಅದು ಲೆಕ್ಕಕ್ಕೆ ಸರಿಯಾದದ್ದೇ. ಪದ ಚಿಕ್ಕದಾದಷ್ಟೂ ಇಂಥ ಮೋಸ ಜಾಸ್ತಿ. ಐದಾರು ಅಕ್ಷರದ ಪದ ಉಲಿಯಲ್ಲೂ ಅರ್ಥದಲ್ಲೂ ಹೊಂದಿದರೆ ಕಿವಿ ನಿಮಿರಿಸಬೇಕು. ಎರಡಕ್ಷರ ಹೊಂದಿದರೆ ಮೊದಲು ಅನುಮಾನಪಡಬೇಕು.

ಕೊನೆಗೆ ನನಗೆ ನಿಜವಾಗಿ ನೋವು ಕೊಡುವ ಒಂದು ಸಂಗತಿ ಹೇಳಬೇಕು. ನಮ್ಮ ಮಕ್ಕಳು ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಎಂ, ಎ, ಎಲ್, ಇ. ಅದು ಮಲೆಯೂ ಹೌದು, ಮಳೆಯೂ ಹೌದು, ಮಾಲೆಯೂ ಹೌದು. ಇಂಗ್ಲಿಷ್ ಓದುವವನಿಗೆ ಅದು ಗಂಡು. ೞ ಹೋಗುವುದಕ್ಕೆ ನೂರಾರು ವರ್ಷ ಹಿಡಿಯಿತು, ಅದು ನಾಲಿಗೆಯಲ್ಲಿ ತಾನಾಗಿ ಸವೆಯಿತು. ಲ, ಳ ಇನ್ನೂ ನಮ್ಮ ನಾಲಿಗೆಯ ಮೇಲೆ ಬೇರೆ ಬೇರೆಯಾಗಿಯೇ ಇವೆ. ಬೆರಳ ತುದಿಯಲ್ಲಿ ಮಾತ್ರ ಒಂದಾಗುತ್ತಿವೆ. ಕನ್ನಡದ ಕೀಲಿಮಣೆ ಎಲ್ಲ ಮೊಬೈಲಿನಲ್ಲೂ ಪುಕ್ಕಟೆ ಸಿಗುತ್ತದೆ. ದಯವಿಟ್ಟು ಮನೆಯ ಮಕ್ಕಳಿಗೆ ಅದನ್ನು ಹಾಕಿಕೊಡಿ.

ಪ್ರಶ್ನೆಗಳಿಗೆ ಬರುತ್ತೇನೆ.

ಭದ್ರಾವತಿಯಿಂದ ಬಂದಿದ್ದ ಒಬ್ಬ ಅಮ್ಮ ಕೇಳಿದರು. ಅವರ ಮನೆಮಾತು ತಮಿಳು. 1923ರಲ್ಲಿ ಕೆಲಸ ಶುರುಮಾಡಿದ ಕಬ್ಬಿಣದ ಕಾರ್ಖಾನೆಯಿಂದಾಗಿ ಅಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ನಾಲ್ಕೂ ಒಂದೇ ಬೀದಿಯಲ್ಲಿ ಕೇಳುತ್ತವೆ. 'ಸರ್, ನಮ್ಮಲ್ಲಿ ಮಾಲೈ ಅಂದ್ರೆ ಹೂವಿನ ಹಾರ. ಮಾಲೈ ಅಂದ್ರೆ ಸಂಜೆ ಕೂಡ. ಇದು ಒಂದೇ ಪದನಾ?' ಅಂತ. ಅಲ್ಲ, ಹಾರದ ಮಾಲೈ ಸಂಸ್ಕೃತದಲ್ಲೂ ಇರುವ ಮಾಲೆ. ಸಂಜೆಯ ಮಾಲೈ ತಮಿಳಿನದು. 'ಮಾಲೈಯಿಲ್ ಮಾಲೈ' ಅಂದರೆ ಸಂಜೆ ಹೊತ್ತಿಗೆ ಹಾರ ಅಂತ ತಮಿಳರಿಗೆ ತಟ್ಟನೆ ಗೊತ್ತಾಗುತ್ತದೆ. ಎರಡರ ನಡುವೆ ಗೊಂದಲ ಆಗುವುದು ನಮಗೆ ಮಾತ್ರ.

ಮಲೇಷಿಯಾ ಹೆಸರಲ್ಲಿ ನಮ್ಮ ಮಲೆ ಇದೆಯಾ ಅಂತ ಒಬ್ಬ ಹುಡುಗ ಕೇಳಿದ. ಮಲಾಯು ಅನ್ನುವ ಹಳೆಯ ಹೆಸರಿನ ಮೂಲದ ಬಗ್ಗೆ ಪಂಡಿತರಲ್ಲೇ ಒಮ್ಮತ ಇಲ್ಲ. ಒಂದು ಗುಂಪು ದ್ರಾವಿಡದ ಮಲೆ ಅಂತದೆ, ಇನ್ನೊಂದು ಗುಂಪು ಅಲ್ಲಿಯದೇ ಪದ ಅಂತದೆ.

ಮಂಡಿಯಲ್ಲಿ ಕೆಲಸ ಮಾಡುವ ಒಬ್ಬರದು ಕೊನೆಯ ಪ್ರಶ್ನೆ. ಮಾಲು ಇರುವವನು ಮಾಲೀಕ, ಹಾಗಾದರೆ ಇವೆರಡೂ ಒಂದೇ ಮೂಲದ್ದು ತಾನೇ? ಎಷ್ಟು ಸಹಜವಾಗಿ ಹೊಂದುತ್ತದೆ, ಅಲ್ವಾ? ಆದರೂ ಅಲ್ಲ. ಅರಬ್ಬಿಯಲ್ಲಿ ಪದಗಳು ಮೂರು ವ್ಯಂಜನದ ಬೇರಿನಿಂದ ಹುಟ್ಟುತ್ತವೆ. ಮಾಲು ಹುಟ್ಟಿದ್ದು ಮ-ವ-ಲ ಬೇರಿನಿಂದ. ಮಾಲೀಕ ಹುಟ್ಟಿದ್ದು ಮ-ಲ-ಕ ಬೇರಿನಿಂದ. ನಮ್ಮ ಕಡೆ ಮಾಲ್ಕಿ ಜಮೀನು, ಮಾಲ್ಕಿ ಮರ ಅಂತೀವಲ್ಲ, ಅದು ಮಾಲೀಕನ ಕಡೆಯದ್ದು, ಮಾಲಿನ ಕಡೆಯದ್ದಲ್ಲ.

'ಹಾಗಾದ್ರೆ ಸರಕು?' ಅಂದರು ಅವರು.

ಸರಕು ದಕ್ಷಿಣದ ಭಾಷೆಗಳಿಗೆಲ್ಲ ಸೇರಿದ್ದು. ತೆಲುಗಿನಲ್ಲೂ ಸರಕು, ತಮಿಳಿನಲ್ಲಿ ಸರಕ್ಕು, ಮಲಯಾಳದಲ್ಲಿ ಚರಕ್ಕ್. ಮಾರುವ ಸಾಮಾನು ಅಂತ ಎಲ್ಲ ಕಡೆ ಅರ್ಥ. ಶಿವಮೊಗ್ಗದ ಮಂಡಿಯಲ್ಲಿ ಮಾತ್ರ ಅದಕ್ಕೆ ಇನ್ನೊಂದು ಅರ್ಥ ಇದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯನ್ನು ಬೇರ್ಪಡಿಸುತ್ತಾರಲ್ಲ, ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಬರುವ ಅಡಿಕೆ ಸರಕು. ಚೆನ್ನೈನ ಬೀದಿ ಮಾತಿನಲ್ಲಿ ಸರಕ್ಕು ಅಂದರೆ ಹೆಂಡ, ಮದ್ಯ.

ಇದನ್ನು ಕೇಳಿ ಅವರು ಜೋರಾಗಿ ನಕ್ಕರು. ಹೊರಗಿನಿಂದ ಬರುವ ತಮಿಳು ಲಾರಿ ಡ್ರೈವರುಗಳು, ಇವತ್ತು ಸರಕು ಒಳ್ಳೇದು ಬಂದಿದೆ ಅಂತ ಮಂಡಿಯವರು ಹೇಳಿದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದದ್ದು ಯಾಕೆ ಅಂತ ಅವರಿಗೆ ಈಗ ಗೊತ್ತಾಯಿತಂತೆ.